ಬರಡು ನೆಲದ ತಂಗುದಾಣಗಳು: ವಲಸೆಯ ಹಾಡುಹಕ್ಕಿಗಳಿಗೆ ಮರುಭೂಮಿ ಏನು ಕೊಡುತ್ತದೆ?

ಯುರೋಪಿನಿಂದ ಪ್ರತಿ ಶರತ್ಕಾಲದಲ್ಲಿ ಸಹಾರಾದ ದಕ್ಷಿಣಕ್ಕಿರುವ ಆಫ್ರಿಕಕ್ಕೆ ವಲಸೆ ಹೋಗುವ ಹಾಡುಹಕ್ಕಿಗಳು ಮತ್ತು ಅವುಗಳಂಥ ಇತರ ಸಣ್ಣ ಹಕ್ಕಿಗಳ ಸಂಖ್ಯೆ ಸುಮಾರು 200 ಕೋಟಿ ಎಂದು 2009ರಲ್ಲಿ ಪ್ರಕಟವಾದ ಅಂದಾಜೊಂದು ಹೇಳುತ್ತದೆ. ಇವುಗಳಲ್ಲಿ ಬಹಳಷ್ಟು ಹಕ್ಕಿಗಳ ತೂಕ ಹತ್ತರಿಂದ ಇಪ್ಪತ್ತು ಗ್ರಾಂ ಮಾತ್ರ. ದಾರಿಯಲ್ಲಿ ಮೊದಲು ಮೆಡಿಟರೇನಿಯನ್ ಸಮುದ್ರ, ಅದನ್ನು ದಾಟಿದೊಡನೆ ಉತ್ತರದಿಂದ ದಕ್ಷಿಣಕ್ಕೆ 1,500ರಿಂದ 2,000 ಕಿಲೋಮೀಟರ್ ಅಗಲ ಹರಡಿದ ಸಹಾರಾ. ಇಷ್ಟು ಸಣ್ಣ ಜೀವ ಇಷ್ಟು ದೊಡ್ಡ ಒಣನೆಲವನ್ನು ಹೇಗೆ ದಾಟುತ್ತದೆ ಎಂಬ ಪ್ರಶ್ನೆಗೆ ಇಪ್ಪತ್ತನೆಯ ಶತಮಾನದ ಬಹುಕಾಲ ಚಾಲ್ತಿಯಲ್ಲಿದ್ದ ಉತ್ತರ ಸರಳವಾಗಿತ್ತು: ಎಲ್ಲಿಯೂ ಇಳಿಯದೆ, ಒಂದೇ ಹಾರಾಟದಲ್ಲಿ. ಆಫ್ರಿಕಾದ ವಲಸೆಹಕ್ಕಿಗಳ ಅಧ್ಯಯನಕ್ಕೆ ಅಡಿಪಾಯ ಹಾಕಿದ ಆರ್. ಇ. ಮೊರೊ ಅವರಂಥ ತಜ್ಞರೂ ಇದನ್ನೇ ಸಮರ್ಥಿಸಿದ್ದರು. ಮರಳಿನ ನಡುವೆ ಅಲ್ಲಲ್ಲಿ ಕಂಡ ಹಕ್ಕಿಗಳನ್ನು ಬಳಲಿ ಬಿದ್ದವು, ಇನ್ನೇನು ಸಾಯಲಿರುವವು ಎಂದು ಲೆಕ್ಕದಿಂದ ಹೊರಗಿಡುವುದು ರೂಢಿಯಾಗಿತ್ತು.

ಈ ಉತ್ತರಕ್ಕೆ ಒಂದು ಪರಿಣಾಮವೂ ಇತ್ತು. ಹಕ್ಕಿ ಎಲ್ಲಿಯೂ ಇಳಿಯುವುದಿಲ್ಲವೆಂದ ಮೇಲೆ ಮರುಭೂಮಿಯೆಂದರೆ ಕಳೆಯಬೇಕಾದ ದೂರ ಮಾತ್ರ, ಅದರೊಳಗೆ ಕಾಪಾಡಬೇಕಾದ ಜಾಗವೆಂಬುದು ಇರುವುದಿಲ್ಲ. ಹಾಗಾಗಿ ಸಂರಕ್ಷಣೆಯ ಗಮನವೆಲ್ಲ ಮರುಭೂಮಿಯ ಎರಡು ಅಂಚುಗಳಲ್ಲಿರುವ ಜೌಗುನೆಲ ಮತ್ತು ಕಾಡುಗಳ ಕಡೆಗೆ ಹರಿಯಿತು. ಉತ್ತರ ತಪ್ಪೆಂದು ತಿಳಿದು ದಶಕಗಳೇ ಕಳೆದಿವೆ; ಅದರ ಪರಿಣಾಮ ಮಾತ್ರ ಇಂದಿಗೂ ಉಳಿದುಕೊಂಡಿದೆ ಎಂಬುದು ಈ ಲೇಖನದ ವಾದ.

1980ರ ದಶಕದಲ್ಲಿ ಜರ್ಮನಿಯ ಹರ್ಬರ್ಟ್ ಬೀಬಾಕ್ ಮತ್ತು ಅವರ ಸಂಗಡಿಗರು ಈಜಿಪ್ಟಿನ ಪಶ್ಚಿಮ ಮರುಭೂಮಿಯಲ್ಲಿ ಹಕ್ಕಿಗಳನ್ನು ಹಿಡಿದು, ತೂಗಿ, ಕೊಬ್ಬಿನ ಪ್ರಮಾಣವನ್ನು ಅಂದಾಜಿಸಿದಾಗ ಕಂಡದ್ದು ನಿರೀಕ್ಷೆಗೆ ವಿರುದ್ಧವಾಗಿತ್ತು. ಗಿಡವಿಲ್ಲದ, ನೀರಿಲ್ಲದ ಬಯಲಿನಲ್ಲಿ ಕಲ್ಲುಬಂಡೆಗಳ ನೆರಳಿಗೆ ಅಂಟಿಕೊಂಡು ಹಗಲಿಡೀ ಅಲುಗಾಡದೆ ಕುಳಿತಿದ್ದ ಹಕ್ಕಿಗಳ ಮೈಯಲ್ಲಿ ಮುಂದಿನ ಪ್ರಯಾಣಕ್ಕೆ ಸಾಲುವಷ್ಟು ಕೊಬ್ಬು ಇತ್ತು. ಕತ್ತಲಾಗುತ್ತಲೇ ಅವು ಮತ್ತೆ ಹೊರಡುತ್ತಿದ್ದವು. ನೀರು, ಹಸಿರು ಎರಡೂ ಇದ್ದ ಓಯಸಿಸ್‌ಗಳಲ್ಲಿಯೂ ಹಕ್ಕಿಗಳಿದ್ದವು, ಆದರೆ ಅಲ್ಲಿ ದಿನಗಟ್ಟಲೆ ಉಳಿದು ಮೇಯುತ್ತಿದ್ದವು ಬಹುಪಾಲು ಬಡಕಲಾದವು. ಇದರ ಅರ್ಥವನ್ನು ಬಿಡಿಸಿ ನೋಡಬೇಕು. ಇಂಧನ ಉಳಿದಿರುವ ಹಕ್ಕಿಗೆ ಬೇಕಾದದ್ದು ನೆರಳು ಮತ್ತು ಹಗಲಿನ ವಿಶ್ರಾಂತಿ. ಇಂಧನ ಮುಗಿದ ಹಕ್ಕಿಗೆ ಬೇಕಾದದ್ದು ಆಹಾರ. ಮೊದಲನೆಯದು ಓಯಸಿಸ್‌ನ ಮೇಲೆಯೇ ಹಾರಿ ಮುಂದೆ ಹೋಗಿಬಿಡಬಹುದು. ಆದ್ದರಿಂದ ಓಯಸಿಸ್‌ನಲ್ಲಿ ಬಲೆ ಹಾಕಿ ಹಿಡಿದ ಹಕ್ಕಿಗಳನ್ನು ನೋಡಿ 'ಸಹಾರಾ ದಾಟುವ ಹಕ್ಕಿಗಳೆಲ್ಲ ಹೀಗೆ ಸೊರಗಿರುತ್ತವೆ' ಎಂದು ಹೇಳಿದರೆ, ಆಸ್ಪತ್ರೆಯಲ್ಲಿರುವವರನ್ನು ಮಾತ್ರ ನೋಡಿ ಊರಿನ ಆರೋಗ್ಯವನ್ನು ಅಳೆದಂತಾಗುತ್ತದೆ.

ಬಲೆಗೆ ಸಿಗದ ಹಕ್ಕಿಗಳ ಲೆಕ್ಕವನ್ನು ಕೊಟ್ಟದ್ದು ರೇಡಾರ್. ಸ್ವಿಟ್ಜರ್ಲೆಂಡಿನ ಸೆಂಪಾಖ್‌ನಲ್ಲಿರುವ ಪಕ್ಷಿವಿಜ್ಞಾನ ಸಂಸ್ಥೆಯ ತಂಡವೊಂದು 2003 ಮತ್ತು 2004ರಲ್ಲಿ ಮಾರಿಟೇನಿಯಾದಲ್ಲಿ ರೇಡಾರ್ ನೆಟ್ಟು ಆಕಾಶದ ಸಂಚಾರವನ್ನು ದಾಖಲಿಸಿತು. ರಾತ್ರಿಯಲ್ಲಿ ದಟ್ಟವಾಗಿದ್ದ ಹಾಡುಹಕ್ಕಿಗಳ ಹರಿವು ಹಗಲಾದಂತೆ ಇಳಿದುಹೋಗುತ್ತಿತ್ತು. ಎಲ್ಲವೂ ನಿಲ್ಲದೆ ಹಾರುತ್ತಿದ್ದರೆ ಹೀಗಾಗುವ ಸಾಧ್ಯತೆಯಿಲ್ಲ. ಹೆಚ್ಚಿನವು ರಾತ್ರಿ ಹಾರಿ ಹಗಲು ಇಳಿಯುತ್ತವೆ ಎಂಬುದೇ 2007ರಲ್ಲಿ ಪ್ರಕಟವಾದ ತೀರ್ಮಾನ. ವಸಂತದಲ್ಲಿ ಅದೇ ಮರುಭೂಮಿಯಲ್ಲಿ ಇಳಿದ ಹಕ್ಕಿಗಳು ಬಳಲಿ ಬಿದ್ದವಲ್ಲ ಎಂಬುದನ್ನು 2010ರ ಇನ್ನೊಂದು ಅಧ್ಯಯನ ಪ್ರತ್ಯೇಕವಾಗಿ ತೋರಿಸಿತು.

ಕತೆ ಇಲ್ಲಿಗೇ ಮುಗಿದಿದ್ದರೆ ಅಚ್ಚುಕಟ್ಟಾಗಿರುತ್ತಿತ್ತು. ಆದರೆ ಹಕ್ಕಿಯ ಬೆನ್ನಿಗೆ ಕಟ್ಟಬಹುದಾದ, ಸುಮಾರು ಅರ್ಧ ಗ್ರಾಂ ತೂಕದ ದಾಖಲೆ ಉಪಕರಣಗಳು ಬಂದ ಮೇಲೆ ಹಳೆಯ ಉತ್ತರವೂ ಭಾಗಶಃ ಜೀವ ಪಡೆಯಿತು. ಕಪ್ಪು-ಬಿಳಿ ಬಣ್ಣದ ಯುರೋಪಿನ ನೊಣಹಿಡುಕ ಹಕ್ಕಿಗಳಲ್ಲಿ ಕೆಲವು 40ರಿಂದ 60 ಗಂಟೆಗಳ ಕಾಲ ಇಳಿಯದೆ ಹಾರಿ ಸಹಾರಾ ದಾಟಿದ್ದನ್ನು 2016ರ ವರದಿಯೊಂದು ತೋರಿಸಿತು. ದೊಡ್ಡ ಜೊಂಡು ಉಲಿಯಕ್ಕಿಗಳು ರಾತ್ರಿಯ ಹಾರಾಟವನ್ನು ಹಗಲಿಗೂ ಮುಂದುವರಿಸುತ್ತವೆ ಮಾತ್ರವಲ್ಲ, ಬೆಳಗಾಗುತ್ತಿದ್ದಂತೆ ಸುಮಾರು 2,400 ಮೀಟರ್ ಎತ್ತರದಿಂದ 5,000 ಮೀಟರಿಗೂ ಮೇಲೆ ಏರುತ್ತವೆ ಎಂಬುದು 2021ರಲ್ಲಿ ತಿಳಿಯಿತು. ಬಿಸಿಲಿನಲ್ಲಿ ಕಾದ ಮೈಯನ್ನು ಮೇಲಿನ ತಂಪು ಗಾಳಿಯಲ್ಲಿ ಆರಿಸಿಕೊಳ್ಳುವುದು ಇದರ ಉದ್ದೇಶವಿರಬಹುದೆಂಬ ವಿವರಣೆಯನ್ನು ಸಂಶೋಧಕರು ಮುಂದಿಟ್ಟರು. ಈ ಫಲಿತಾಂಶಗಳು ರೇಡಾರಿನ ತೀರ್ಮಾನವನ್ನು ಅಲ್ಲಗಳೆಯುತ್ತವೆ ಎಂದು ನನಗೆ ತೋರುವುದಿಲ್ಲ. ಜಾತಿ, ಋತು, ಬೆನ್ನಗಾಳಿ, ಮೈಯಲ್ಲಿ ಉಳಿದಿರುವ ಕೊಬ್ಬು ಇವುಗಳಿಗೆ ತಕ್ಕಂತೆ ಒಂದೇ ಹಕ್ಕಿ ಒಂದು ಸಲ ಇಳಿಯಬಹುದು, ಇನ್ನೊಂದು ಸಲ ಇಳಿಯದೆ ಹೋಗಬಹುದು. ಇಳಿಯುವ ಅವಕಾಶ ಇರುವುದೇ ಆ ಹಕ್ಕಿಗೆ ದೊಡ್ಡ ಭದ್ರತೆ. ಅದನ್ನು ಬಳಸಿಕೊಳ್ಳದ ವರ್ಷದಲ್ಲೂ ಅದರ ಬೆಲೆ ಕಡಿಮೆಯಾಗುವುದಿಲ್ಲ.

ಇಳಿದ ಮೇಲೆ ಮೈಯೊಳಗೆ ಏನು ನಡೆಯುತ್ತದೆ ಎಂಬುದನ್ನು ತಿಳಿಯದೆ ತಂಗುದಾಣದ ಬೆಲೆ ತಿಳಿಯುವುದಿಲ್ಲ. ವಲಸೆಗೆ ಮುನ್ನ ಕೆಲವು ಹಾಡುಹಕ್ಕಿಗಳು ತಮ್ಮ ಸಾಮಾನ್ಯ ತೂಕದ ಹತ್ತಿರ ಹತ್ತಿರ ಎರಡರಷ್ಟಾಗುವವರೆಗೆ ಕೊಬ್ಬು ಕೂಡಿಸುತ್ತವೆ. ಒಂದು ಗ್ರಾಂ ಕೊಬ್ಬು ಉರಿದರೆ ಸುಮಾರು 39 ಕಿಲೋಜೂಲ್ ಶಕ್ತಿ ಸಿಗುತ್ತದೆ. ಹಸಿ ಸ್ನಾಯುವಿನ ಒಂದು ಗ್ರಾಂ ಕೊಡುವುದು ಅದರ ಏಳರಲ್ಲೊಂದು ಪಾಲಿನ ಆಸುಪಾಸು. ಹೀಗಿದ್ದರೂ ಹಕ್ಕಿ ದಾರಿಯಲ್ಲಿ ಸ್ನಾಯುವನ್ನೂ ಕರುಳನ್ನೂ ಯಕೃತ್ತನ್ನೂ ಸ್ವಲ್ಪ ಸ್ವಲ್ಪವಾಗಿ ಕರಗಿಸಿಕೊಳ್ಳುತ್ತದೆ. ಇದೇಕೆ ಎಂಬುದಕ್ಕೆ ಒಂದು ಉತ್ತರ 2011ರಲ್ಲಿ ಗಾಳಿಸುರಂಗದ ಪ್ರಯೋಗದಿಂದ ಬಂತು. ಸ್ವೇನ್ಸನ್ ಥ್ರಶ್ ಎಂಬ ಉತ್ತರ ಅಮೆರಿಕದ ಹಾಡುಹಕ್ಕಿಗಳನ್ನು ಒಣ ಗಾಳಿಯಲ್ಲಿ ಹಾರಿಸಿದಾಗ ಅವು ತೇವದ ಗಾಳಿಯಲ್ಲಿ ಹಾರಿದಾಗಿನದಕ್ಕಿಂತ ಹೆಚ್ಚು ಪ್ರೋಟೀನನ್ನು ಒಡೆದುಕೊಂಡವು. ಪಡೆಯುವ ಶಕ್ತಿಗೆ ಹೋಲಿಸಿದರೆ ಪ್ರೋಟೀನಿನಿಂದ ಹೊರಬರುವ ನೀರು ಕೊಬ್ಬಿನಿಂದ ಬರುವುದಕ್ಕಿಂತ ಹಲವು ಪಟ್ಟು ಹೆಚ್ಚು. ಅಂದರೆ ಒಣ ಆಕಾಶದಲ್ಲಿ ಹಾರುವ ಹಕ್ಕಿ ಬಾಯಾರಿಕೆ ನೀಗಿಸಿಕೊಳ್ಳಲು ತನ್ನ ಮೈಯನ್ನೇ ಕರಗಿಸುತ್ತದೆ.

ಇದರ ಬೆಲೆಯನ್ನು ಅದು ತೆರಬೇಕಾದದ್ದು ತಂಗುದಾಣದಲ್ಲಿ. ಕರುಳು ಕುಗ್ಗಿದ ಹಕ್ಕಿಯ ಮುಂದೆ ಹುಳುಗಳ ರಾಶಿಯೇ ಇದ್ದರೂ ಅದು ಮೊದಲ ಒಂದೆರಡು ದಿನ ತಿಂದದ್ದನ್ನು ಪೂರ್ತಿ ಅರಗಿಸಿಕೊಳ್ಳಲಾರದು. ಮೊದಲು ಕರುಳು ಕೂಡಿಕೊಳ್ಳಬೇಕು, ಆಮೇಲೆ ಕೊಬ್ಬು. ಈ ದಿನಗಳಲ್ಲಿ ಅದನ್ನು ಓಡಿಸಿದರೆ, ಅಥವಾ ಆ ಜಾಗದಲ್ಲಿ ನೀರಿಲ್ಲದೇ ಹೋದರೆ, ಅಲ್ಲಿಯವರೆಗೆ ಕಳೆದ ಸಮಯವೆಲ್ಲ ನಷ್ಟದ ಬಾಬತ್ತಿಗೆ ಸೇರುತ್ತದೆ. ನೀರಿನ ಪಾತ್ರವನ್ನು ಇಸ್ರೇಲಿನ ನೆಗೆವ್ ಮರುಭೂಮಿಯಲ್ಲಿ ಕೆಲಸ ಮಾಡಿದವರು ಸ್ಪಷ್ಟಪಡಿಸಿದ್ದಾರೆ. ಬ್ಲ್ಯಾಕ್‌ಕ್ಯಾಪ್ ಎಂಬ ಕಪ್ಪುನೆತ್ತಿಯ ಉಲಿಯಕ್ಕಿ ಅಲ್ಲಿ ಕಾಡುಪಿಸ್ತಾ ಮರದ ಹಣ್ಣುಗಳನ್ನು ತಿನ್ನುತ್ತದೆ. ಕುಡಿಯುವ ನೀರು ಸಿಕ್ಕಾಗ ಈ ಹಕ್ಕಿ ಹೆಚ್ಚು ಆಹಾರ ತಿಂದು, ಬೇಗ ತೂಕ ಹೆಚ್ಚಿಸಿಕೊಂಡು, ಹೆಚ್ಚು ಕೊಬ್ಬು ಕೂಡಿಸುತ್ತದೆ ಎಂಬುದು 2008ರಲ್ಲಿ ಪ್ರಕಟವಾದ ಪ್ರಯೋಗಗಳ ಸಾರ. ಹಣ್ಣಿನ ಮರವೊಂದೇ ಇದ್ದು ನೀರು ಬತ್ತಿದ ಜಾಗ ನಕ್ಷೆಯಲ್ಲಿ ಹಸಿರಾಗಿಯೇ ಕಾಣುತ್ತದೆ, ಹಕ್ಕಿಯ ಲೆಕ್ಕದಲ್ಲಿ ಮಾತ್ರ ಅದರ ಅರ್ಧ ಬೆಲೆ ಹೋಗಿರುತ್ತದೆ.

ವಲಸೆಯೆಂದರೆ ಹಾರಾಟ ಎಂದೇ ನಾವು ಭಾವಿಸುತ್ತೇವೆ. ಉತ್ತರ ಅಮೆರಿಕದ ಥ್ರಶ್ ಹಕ್ಕಿಗಳ ಮೇಲೆ ನಡೆದು 2003ರಲ್ಲಿ ಪ್ರಕಟವಾದ ಅಳತೆಗಳ ಪ್ರಕಾರ ಇಡೀ ವಲಸೆಯಲ್ಲಿ ಖರ್ಚಾಗುವ ಶಕ್ತಿಯಲ್ಲಿ ಹಾರಾಟದ ಪಾಲು ಮೂರನೆಯ ಒಂದಕ್ಕಿಂತ ಕಡಿಮೆ. ಉಳಿದದ್ದೆಲ್ಲ ನೆಲದ ಮೇಲೆ ಮೇಯುತ್ತ, ಮೈ ಬೆಚ್ಚಗಿಟ್ಟುಕೊಳ್ಳುತ್ತ, ಕಾಯುತ್ತ ಖರ್ಚಾಗುವಂಥದ್ದು.

ತಂಗುದಾಣಗಳನ್ನು ವಿಂಗಡಿಸಲು ಅಮೆರಿಕದ ಸಂರಕ್ಷಣಾ ವಿಜ್ಞಾನಿಗಳು 2005ರಲ್ಲಿ ಮೂರು ಬಗೆಯ ಹೆಸರುಗಳನ್ನು ಸೂಚಿಸಿದ್ದರು: ಅಪಾಯದ ಹೊತ್ತಿಗೆ ಮಾತ್ರ ಉಪಯೋಗಕ್ಕೆ ಬರುವ ತುರ್ತು ನಿರ್ಗಮನದ ಮೆಟ್ಟಿಲು, ಸ್ವಲ್ಪ ಹೊತ್ತು ನಿಂತು ಒಂದಿಷ್ಟು ಪಡೆದು ಹೋಗುವ ಸಣ್ಣ ಅಂಗಡಿ, ಎಲ್ಲವೂ ಸಿಗುವ ದೊಡ್ಡ ಹೋಟೆಲು. ಕಾಡಿನ ಹಕ್ಕಿಗಳಿಗಾಗಿ ಮಾಡಿದ ಈ ವಿಂಗಡಣೆ ಉಪಯುಕ್ತವೇ ಆದರೂ ಮರುಭೂಮಿಯಲ್ಲಿ ಅದು ಸಡಿಲಗೊಳ್ಳುತ್ತದೆ. ಹತ್ತು ಮರಗಳಿರುವ ಒಂದು ತೊರೆಯ ತಿರುವು ಕೊಬ್ಬಿದ ಹಕ್ಕಿಗೆ ಬರೀ ನೆರಳು, ಬಡಕಲು ಹಕ್ಕಿಗೆ ಉಳಿವು-ಅಳಿವಿನ ಪ್ರಶ್ನೆ. ಸುತ್ತಲಿನ ನೂರಾರು ಕಿಲೋಮೀಟರಿನಲ್ಲಿ ಇನ್ನೇನೂ ಇಲ್ಲದಿದ್ದಾಗ ಅಂಗಡಿಯೇ ಹೋಟೆಲಾಗುತ್ತದೆ.

ಇದಕ್ಕೆ ಒಳ್ಳೆಯ ಪುರಾವೆ ಅಮೆರಿಕದ ಆರಿಝೋನಾದಿಂದ ಬಂದಿದೆ. ಮೆಕ್ಸಿಕೊದ ಸೊನೋರಾದಲ್ಲಿ ಹುಟ್ಟಿ ಉತ್ತರಕ್ಕೆ ಹರಿಯುವ ಸ್ಯಾನ್ ಪೆಡ್ರೊ ನದಿಯ ಎರಡೂ ದಂಡೆಗಳಲ್ಲಿ ಕಾಟನ್‌ವುಡ್ ಮತ್ತು ವಿಲೋ ಮರಗಳ ಉದ್ದನೆಯ ಕಾಡಿದೆ. ಅದರ ಒಂದು ಭಾಗವನ್ನು 1988ರಲ್ಲಿ ಅಮೆರಿಕದ ಸಂಸತ್ತು ರಾಷ್ಟ್ರೀಯ ಸಂರಕ್ಷಣಾ ಪ್ರದೇಶವೆಂದು ಘೋಷಿಸಿತು. ಈ ಉದ್ದನೆಯ ಹಸಿರು ಪಟ್ಟಿಯನ್ನು ಬಿಟ್ಟು ದೂರದಲ್ಲಿ ಚದುರಿದ ಸಣ್ಣ ಓಯಸಿಸ್‌ಗಳೂ ಅಲ್ಲಿವೆ. ವಸಂತದ ವಲಸೆಯಲ್ಲಿ ಎರಡನ್ನೂ ಹೋಲಿಸಿ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹೆಚ್ಚು ಜಾತಿಗಳು ಕಂಡದ್ದು ನದಿಪಟ್ಟಿಯ ತಾಣಗಳಲ್ಲಲ್ಲ, ಒಂಟಿಯಾದ ಸಣ್ಣ ಓಯಸಿಸ್‌ಗಳಲ್ಲಿ. ದೊಡ್ಡದನ್ನು, ಒಂದಕ್ಕೊಂದು ಕೂಡಿಕೊಂಡಿರುವುದನ್ನು ಮೊದಲು ಉಳಿಸು ಎಂಬ ಸಂರಕ್ಷಣೆಯ ಪರಿಚಿತ ಸೂತ್ರ ಗೂಡುಕಟ್ಟುವ ಹಕ್ಕಿಗಳಿಗೆ ಬಹುಮಟ್ಟಿಗೆ ಸರಿ. ಹಾದುಹೋಗುವ ಹಕ್ಕಿಗೆ ಅದನ್ನು ಹಾಗೆಯೇ ಅನ್ವಯಿಸಿದರೆ ಸಣ್ಣ ಚುಕ್ಕೆಗಳೆಲ್ಲ ಪಟ್ಟಿಯಿಂದ ಬಿದ್ದುಹೋಗುತ್ತವೆ.

ಹಸಿರೆಂದರೆ ಎಲ್ಲ ಹಸಿರೂ ಒಂದೇ ಅಲ್ಲ. ಕೊಲರಾಡೊ ನದಿಯ ಕೆಳಪಾತ್ರದಲ್ಲಿ ಬೆಳೆಯುವ ಮೆಸ್ಕೀಟ್ ಮರ ನಾವು ಬಳ್ಳಾರಿ ಜಾಲಿ ಎನ್ನುವ ಗಿಡದ ಹತ್ತಿರದ ಬಂಧು. ವಸಂತದಲ್ಲಿ ಬರುವ ಹುಳುತಿನ್ನುವ ಹಕ್ಕಿಗಳು ಈ ಮರಗಳಲ್ಲಿ ಹೂವು ತುಂಬಿರುವವುಗಳನ್ನೇ ಆರಿಸಿಕೊಂಡು ಇಳಿಯುತ್ತವೆ, ಹೂವಿನ ಪ್ರಮಾಣ ಅಲ್ಲಿ ಸಿಗಬಹುದಾದ ಕೀಟಗಳ ಸುಳಿವಿನಂತೆ ಕೆಲಸ ಮಾಡುತ್ತದೆ ಎಂಬುದನ್ನು 2009ರ ಅಧ್ಯಯನವೊಂದು ವಿವರಿಸಿತು. ರಾತ್ರಿಯೆಲ್ಲ ಹಾರಿ, ಮೊದಲೆಂದೂ ಕಾಣದ ಜಾಗದಲ್ಲಿ ಮುಂಜಾನೆ ಇಳಿದ ಹಕ್ಕಿಗೆ ಮರ ಮರವನ್ನೂ ಹುಡುಕಿ ನೋಡುವ ಬಿಡುವಿಲ್ಲ. ದೂರದಿಂದ ಕಾಣುವ ಹೂವು ಆ ಹುಡುಕಾಟವನ್ನು ಮೊಟಕುಗೊಳಿಸುತ್ತದೆ. ಬಿಸಿ ಹೆಚ್ಚಿ ಹೂಬಿಡುವ ಕಾಲ ಹಿಂದೆಮುಂದೆಯಾದರೆ ಮರಗಳ ಸಂಖ್ಯೆ ಒಂದೂ ಕಡಿಮೆಯಾಗದೆ ತಂಗುದಾಣ ಕೆಡಬಹುದು. ಉಪಗ್ರಹದ ಚಿತ್ರದಲ್ಲಿ ಇಂಥ ನಷ್ಟ ಕಾಣಿಸುವುದಿಲ್ಲ.

ಇದೇ ನದಿಯ ಟ್ಯಾಮರಿಸ್ಕ್ ಗಿಡದ ಪ್ರಕರಣ ಇನ್ನೂ ತೊಡಕಿನದು. ಅಣೆಕಟ್ಟುಗಳು ಬಂದು ವಸಂತದ ನೆರೆ ನಿಂತ ಮೇಲೆ, ನೆರೆ ಬಿಟ್ಟುಹೋದ ಒದ್ದೆ ಮಣ್ಣಿನಲ್ಲಿ ಮಾತ್ರ ಮೊಳೆಯಬಲ್ಲ ಕಾಟನ್‌ವುಡ್ ಬೀಜಗಳಿಗೆ ನೆಲೆ ತಪ್ಪಿತು. ಉಪ್ಪನ್ನೂ ಬರವನ್ನೂ ತಾಳುವ, ಹೊರಗಿನಿಂದ ತಂದ ಟ್ಯಾಮರಿಸ್ಕ್ ಆ ಜಾಗವನ್ನು ಆಕ್ರಮಿಸಿತು. ಅದು ನೀರು ಕುಡಿಯುವ ಕಳೆಯೆಂದು ತೀರ್ಮಾನಿಸಿ, ಅದರ ಎಲೆ ತಿನ್ನುವ ಜೀರುಂಡೆಯನ್ನು 2001ರಿಂದ ಬಯಲಿಗೆ ಬಿಡಲಾಯಿತು. ಜೀರುಂಡೆ ಎಣಿಸಿದ್ದಕ್ಕಿಂತ ದೂರ ಹರಡಿತು. ಅಳಿವಿನಂಚಿನಲ್ಲಿರುವ ನೈರುತ್ಯದ ವಿಲೋ ನೊಣಹಿಡುಕ ಹಕ್ಕಿ ಅಷ್ಟರಲ್ಲಿ ಟ್ಯಾಮರಿಸ್ಕ್‌ನಲ್ಲಿಯೇ ಗೂಡುಕಟ್ಟಲು ಕಲಿತಿತ್ತು; ಅದರ ನೆಲೆಗೆ ಕುತ್ತು ಬಂದೀತೆಂದು ಅಮೆರಿಕದ ಕೃಷಿ ಇಲಾಖೆ 2010ರಲ್ಲಿ ಜೀರುಂಡೆಯ ಬಿಡುಗಡೆಯನ್ನು ನಿಲ್ಲಿಸಿತು. ಕೆಳ ಕೊಲರಾಡೊದಲ್ಲಿ ನಡೆದ ಅಧ್ಯಯನಗಳ ಪ್ರಕಾರ ಟ್ಯಾಮರಿಸ್ಕ್ ಮತ್ತು ಸ್ಥಳೀಯ ಮರಗಳು ಬೆರೆತಿರುವಲ್ಲಿ ಹಕ್ಕಿಗಳು ಹೇರಳ, ಟ್ಯಾಮರಿಸ್ಕ್ ಒಂದೇ ತುಂಬಿರುವಲ್ಲಿ ಕಡಿಮೆ. ಕಳೆಯನ್ನು ಕಿತ್ತು ಬಯಲು ಬಿಡುವುದಕ್ಕಿಂತ, ಅದರ ನಡುವೆ ಒಂದಿಷ್ಟು ವಿಲೋ, ಮೆಸ್ಕೀಟ್ ಬೆಳೆಸಿದರೆ ಹಕ್ಕಿಗಳಿಗೆ ಲಾಭ ಹೆಚ್ಚು. ಪರಕೀಯ ಗಿಡವೆಂದ ಕೂಡಲೇ ಕೊಡಲಿ ಎತ್ತುವವರಿಗೆ ಈ ಮಾತು ಹಿಡಿಸಲಾರದು, ಆದರೆ ಕಿತ್ತ ಜಾಗದಲ್ಲಿ ಬೇರೇನೂ ಹುಟ್ಟದಿದ್ದರೆ ಹಕ್ಕಿಗೆ ಉಳಿಯುವುದು ಬರಿನೆಲ.

ಮನುಷ್ಯರು ಮರುಭೂಮಿಯಲ್ಲಿ ಹೊಸದಾಗಿ ಹುಟ್ಟಿಸಿದ ಹಸಿರೂ ಕಡಿಮೆಯಿಲ್ಲ. ಲಿಬಿಯಾದ ಕುಫ್ರಾದಲ್ಲಿ, ಈಜಿಪ್ಟಿನ ದಕ್ಷಿಣದಲ್ಲಿ ಸಾವಿರಾರು ವರ್ಷ ಹಳೆಯದಾದ ಅಂತರ್ಜಲವನ್ನು ಎತ್ತಿ ಬೆಳೆದ ವೃತ್ತಾಕಾರದ ಹೊಲಗಳಿವೆ. ಊರುಗಳ ಉದ್ಯಾನಗಳಿವೆ, ಕೊಳಚೆನೀರನ್ನು ಸಂಸ್ಕರಿಸುವ ಕೊಳಗಳಿವೆ. ಹಕ್ಕಿಗಳು ಇವನ್ನೆಲ್ಲ ಬಳಸುತ್ತವೆ. ಕೆಂಪು ಸಮುದ್ರದ ತುದಿಯಲ್ಲಿರುವ ಇಸ್ರೇಲಿನ ಐಲಾತ್‌ನಲ್ಲಿ ಮೂಲದ ಉಪ್ಪುಜೌಗಿನ ಬಹುಭಾಗ ಹೋಟೆಲು, ಹೊಲ, ಕಾರ್ಖಾನೆಗಳಿಗೆ ಹೋದ ಮೇಲೆ, ಹಳೆಯ ಕಸದ ಗುಡ್ಡೆಯ ಮೇಲೆ ಮಣ್ಣು ಹೊದಿಸಿ, ಹಣ್ಣುಬಿಡುವ ಗಿಡ ನೆಟ್ಟು ಪಕ್ಷಿಧಾಮ ಕಟ್ಟಲಾಯಿತು. ಸಹಾರಾ ದಾಟಿ ಬರುವ ಹಕ್ಕಿಗಳಿಗೆ ಅದು ಇಂದು ಮುಖ್ಯ ತಾಣ. ಕೃತಕವೆಂಬ ಕಾರಣಕ್ಕೆ ಇವನ್ನು ಕಡೆಗಣಿಸುವುದು ಸರಿಯಲ್ಲ. ಆದರೆ ಪಂಪು ನಿಂತ ದಿನ ಇಂಥ ಹೊಲದ ಹಸಿರೂ ನಿಲ್ಲುತ್ತದೆ, ಕೀಟನಾಶಕ ಹೊಡೆದ ಹೊಲದಲ್ಲಿ ಹಸಿರಿದ್ದರೂ ಹುಳುವಿರುವುದಿಲ್ಲ. ಕ್ಯಾಲಿಫೋರ್ನಿಯಾದ ಮೊಹಾವಿ ಮರುಭೂಮಿಯಲ್ಲಿ 2014ರಲ್ಲಿ ಆರಂಭವಾದ ಐವನ್ಪಾ ಸೌರಸ್ಥಾವರದ ಗೋಪುರಗಳ ಸುತ್ತ ಕನ್ನಡಿಗಳು ಕೇಂದ್ರೀಕರಿಸಿದ ಬೆಳಕಿಗೆ ಸಿಕ್ಕಿ ಹಕ್ಕಿಗಳು ಸುಟ್ಟು ಬಿದ್ದದ್ದೂ ದಾಖಲಾಗಿದೆ. ಮರುಭೂಮಿಯ ಹೊರ ಅಂಚಿನಲ್ಲಿ ಬಲೆಗಳ ಕಾಟ ಬೇರೆ: ಬರ್ಡ್‌ಲೈಫ್ ಇಂಟರ್‌ನ್ಯಾಷನಲ್ ಸಂಸ್ಥೆಯ 2015ರ ಅಂದಾಜಿನಂತೆ ಮೆಡಿಟರೇನಿಯನ್ ಪ್ರದೇಶದಲ್ಲಿ ವರ್ಷಕ್ಕೆ ಸುಮಾರು 2.5 ಕೋಟಿ ಹಕ್ಕಿಗಳು ಕಾನೂನುಬಾಹಿರವಾಗಿ ಕೊಲ್ಲಲ್ಪಡುತ್ತವೆ ಅಥವಾ ಹಿಡಿಯಲ್ಪಡುತ್ತವೆ, ಅದರಲ್ಲಿ ಈಜಿಪ್ಟಿನ ಪಾಲು 57 ಲಕ್ಷದಷ್ಟು. ಸಮುದ್ರ ದಾಟಿ ಬಂದು, ಮರುಭೂಮಿಗೆ ಇಳಿಯುವ ಮೊದಲು ಸುಧಾರಿಸಿಕೊಳ್ಳಬೇಕಾದ ಕರಾವಳಿಯಲ್ಲೇ ಈ ಬಲೆಗಳ ಸಾಲು ನಿಂತಿರುತ್ತದೆ.

ಹವಾಮಾನದ ಏಟು ಎಲ್ಲಿಂದ ಬೀಳುತ್ತದೆ ಎಂಬುದಕ್ಕೆ ಎರಡು ನಿದರ್ಶನಗಳು ಸಾಕು. ಬ್ರಿಟನ್ನಿನಲ್ಲಿ 1968ರಲ್ಲಿ ಸಾಮಾನ್ಯವಾಗಿದ್ದ ಬಿಳಿಗಂಟಲ ಉಲಿಯಕ್ಕಿಗಳಲ್ಲಿ ಮುಕ್ಕಾಲು ಪಾಲು 1969ರ ವಸಂತದಲ್ಲಿ ಹಿಂದಿರುಗಲೇ ಇಲ್ಲ. ಕಾರಣ ಹುಡುಕಿದವರಿಗೆ ಸಿಕ್ಕಿದ್ದು ಸಹಾರಾದ ದಕ್ಷಿಣ ಅಂಚಿನ ಸಾಹೇಲ್‌ನ ಬರ. ಉತ್ತರಕ್ಕೆ ಹೊರಡುವ ಮುನ್ನ ಈ ಹಕ್ಕಿ ಅಲ್ಲಿ ಮಿಸ್ವಾಕ್ ಮರದ ಹಣ್ಣು ತಿಂದು ಕೊಬ್ಬು ಕೂಡಿಸುತ್ತದೆ. ಅಲ್ಲಿ ಮಳೆ ಹೋದರೆ ಮರುಭೂಮಿಯೊಳಗಿನ ತಂಗುದಾಣ ಎಷ್ಟೇ ಚೆನ್ನಾಗಿದ್ದರೂ ಅಲ್ಲಿಗೆ ತಲುಪುವುದೇ ಕಷ್ಟ. ಎರಡನೆಯದು 2020ರ ಸೆಪ್ಟೆಂಬರಿನದು. ನ್ಯೂ ಮೆಕ್ಸಿಕೊ ಮತ್ತು ಸುತ್ತಲ ರಾಜ್ಯಗಳಲ್ಲಿ ವಲಸೆಯ ನೊಣಹಿಡುಕ, ಕವಲುತೋಕೆ, ಉಲಿಯಕ್ಕಿಗಳು ದೊಡ್ಡ ಸಂಖ್ಯೆಯಲ್ಲಿ ಸತ್ತು ಬಿದ್ದವು. ಕಾಳ್ಗಿಚ್ಚಿನ ಹೊಗೆಯನ್ನು ಜನ ಮೊದಲು ಶಂಕಿಸಿದರು. ಅಮೆರಿಕದ ಕೇಂದ್ರ ಸರ್ಕಾರದ ಪ್ರಯೋಗಾಲಯ ಸತ್ತ ಹಕ್ಕಿಗಳನ್ನು ಪರೀಕ್ಷಿಸಿದಾಗ ಕೊಬ್ಬು ಪೂರ್ತಿ ಕರಗಿ, ಎದೆಯ ಸ್ನಾಯು ಕುಗ್ಗಿತ್ತು. ದೀರ್ಘಕಾಲದ ಉಪವಾಸವೇ ಸಾವಿಗೆ ಮುಖ್ಯ ಕಾರಣ, ಅಕಾಲದಲ್ಲಿ ಬಂದ ಚಳಿಬಿರುಗಾಳಿ ಅದನ್ನು ಉಲ್ಬಣಗೊಳಿಸಿತು ಎಂದು ಅದು ಹೇಳಿತು. ಸುದ್ದಿಯಾದದ್ದು ಬಿರುಗಾಳಿ, ಹಕ್ಕಿಗಳನ್ನು ಅದಕ್ಕೂ ಮೊದಲೇ ಬಡಕಲಾಗಿಸಿದ್ದ ಹಸಿವು ಸುದ್ದಿಯಾಗಲಿಲ್ಲ.

ಇಷ್ಟೆಲ್ಲ ತಿಳಿದ ಮೇಲೂ ಅಳತೆಗೋಲು ಹಳೆಯದೇ ಆಗಿದೆ. 1971ರ ರಾಮ್ಸಾರ್ ಒಪ್ಪಂದದಡಿ ಜೌಗುನೆಲವೊಂದು ಅಂತಾರಾಷ್ಟ್ರೀಯ ಮಹತ್ವದ್ದೆನಿಸಲು ಇರುವ ಮಾನದಂಡಗಳಲ್ಲಿ ಹಕ್ಕಿಗಳ ಸಂಖ್ಯೆಯನ್ನು ಹೇಳುವಂಥವು ನೀರಹಕ್ಕಿಗಳನ್ನು ಲೆಕ್ಕ ಹಿಡಿಯುತ್ತವೆ: ಒಟ್ಟಿಗೆ 20,000 ಹಕ್ಕಿಗಳು, ಇಲ್ಲವೇ ಒಂದು ಜಾತಿಯ ಸಂತತಿಯ ಶೇಕಡಾ 1. ಬಾತು, ಕೊಕ್ಕರೆಗಳಂತೆ ಹಾಡುಹಕ್ಕಿಗಳು ಒಂದೆಡೆ ಗುಂಪುಗೂಡುವುದಿಲ್ಲ. ಅಗಲಕ್ಕೆ ಚದುರಿ, ಒಂದೊಂದಾಗಿ ಇಳಿದು, ಪೊದೆಯೊಳಗೆ ಮರೆಯಾಗುತ್ತವೆ. ಜೊತೆಗೆ ದಿನದ ಎಣಿಕೆಯೂ ದಾರಿ ತಪ್ಪಿಸುತ್ತದೆ. ಒಂದು ತೋಪಿನಲ್ಲಿ ಅರವತ್ತು ದಿನಗಳ ಋತುವಿನುದ್ದಕ್ಕೂ ಪ್ರತಿ ಬೆಳಗ್ಗೆ ಐವತ್ತು ಹಕ್ಕಿ ಕಂಡವು ಎಂದುಕೊಳ್ಳೋಣ. ಪ್ರತಿಯೊಂದೂ ಒಂದೇ ದಿನ ಉಳಿಯುವುದಾದರೆ ಆ ತೋಪು ಮೂರು ಸಾವಿರ ಹಕ್ಕಿಗಳನ್ನು ದಾಟಿಸಿದೆ. ಹತ್ತು ದಿನ ಉಳಿಯುವುದಾದರೆ ಬರೀ ಮುನ್ನೂರನ್ನು. ನೋಡುವವರಿಗೆ ಎರಡೂ ಐವತ್ತೇ.

ಇದಕ್ಕಿಂತ ಒಳ್ಳೆಯ ಅಳತೆಗಳು ಕೈಯಲ್ಲಿಲ್ಲವೆಂದಲ್ಲ. ಉಂಗುರ ತೊಡಿಸಿದ ಹಕ್ಕಿ ಮತ್ತೆ ಬಲೆಗೆ ಬಿದ್ದಾಗ ತೂಗಿದರೆ ದಿನಕ್ಕೆ ಎಷ್ಟು ಕೊಬ್ಬು ಕೂಡಿತೆಂದು ತಿಳಿಯುತ್ತದೆ. ಒಂದೇ ಸಲ ಹಿಡಿದರೂ ಒಂದು ಹನಿ ರಕ್ತದಲ್ಲಿ ಟ್ರೈಗ್ಲಿಸರೈಡ್ ಹೆಚ್ಚಿದ್ದರೆ ಹಕ್ಕಿ ಕೊಬ್ಬು ಕೂಡಿಸುತ್ತಿದೆ, ಮೈಯ ಕೊಬ್ಬು ಕರಗುವಾಗ ಹುಟ್ಟುವ ಬ್ಯುಟಿರೇಟ್ ಜಾತಿಯ ಕೀಟೋನ್ ಹೆಚ್ಚಿದ್ದರೆ ಉಪವಾಸವಿದೆ ಎಂದು ಹೇಳಬಹುದು. ಮೋಟಸ್ ಎಂಬ ರೇಡಿಯೊ ಗೋಪುರಗಳ ಜಾಲ ಹಕ್ಕಿ ಯಾವಾಗ ಬಂತು, ಯಾವಾಗ ಹೊರಟಿತು ಎಂಬುದನ್ನು ದಾಖಲಿಸಬಲ್ಲದು. ಇವೆಲ್ಲ ಎಣಿಕೆಗಿಂತ ದುಬಾರಿ, ನಿಧಾನ. ಆದರೂ ನೀರಿನ ಹಂಚಿಕೆಯಂಥ ತೀರ್ಮಾನಗಳಿಗೆ ಕುಳಿತಾಗ ಮೇಜಿನ ಮೇಲೆ ಇರಬೇಕಾದದ್ದು ಇಂಥ ಅಂಕಿಗಳೇ, ಏಕೆಂದರೆ ಮರುಭೂಮಿಯ ಬಹುಪಾಲು ತಂಗುದಾಣಗಳ ಭವಿಷ್ಯ ನಿಂತಿರುವುದು ವನ್ಯಜೀವಿ ಕಾಯಿದೆಗಿಂತ ಹೆಚ್ಚಾಗಿ ಕೊಳವೆಬಾವಿಗಳ ಲೆಕ್ಕದ ಮೇಲೆ.

ನೀರು ಬಿಟ್ಟರೆ ಏನಾದೀತೆಂಬುದಕ್ಕೆ ಒಂದು ಪ್ರಯೋಗ ನಡೆದಿದೆ. ಅಮೆರಿಕ ಮತ್ತು ಮೆಕ್ಸಿಕೊ ಒಪ್ಪಂದ ಮಾಡಿಕೊಂಡು 2014ರ ಮಾರ್ಚಿನಿಂದ ಮೇವರೆಗೆ ಸುಮಾರು 13 ಕೋಟಿ ಘನ ಮೀಟರ್ ನೀರನ್ನು ಒಣಗಿದ ಕೊಲರಾಡೊ ಮುಖಜಭೂಮಿಗೆ ಹರಿಸಿದವು; ಮೊದಲೇ ನೆಲ ಹದಮಾಡಿ ಇಟ್ಟಿದ್ದ ಜಾಗಗಳಲ್ಲಿ ವಿಲೋ, ಕಾಟನ್‌ವುಡ್ ಸಸಿಗಳು ಎದ್ದವು. ಸ್ಯಾನ್ ಪೆಡ್ರೊದಲ್ಲಿ ನಡೆಯುತ್ತಿರುವುದು ಇದಕ್ಕೆ ತದ್ವಿರುದ್ಧ. ನದಿಯ ಪಕ್ಕದ ಸಿಯೆರಾ ವಿಸ್ಟಾ ನಗರ ಮತ್ತು ಸೇನಾನೆಲೆಯ ಸುತ್ತಮುತ್ತ ದಶಕಗಳಿಂದ ಎತ್ತಿದ ಅಂತರ್ಜಲ ನೆಲದೊಳಗೆ ಕುಳಿಯಂಥ ಇಳಿತವನ್ನು ಉಂಟುಮಾಡಿದೆ. ಈ ಇಳಿತ ನೆಲದಡಿಯಲ್ಲಿ ನಿಧಾನವಾಗಿ ಹರಡಿ ನದಿಯನ್ನು ಮುಟ್ಟುವುದರಿಂದ, ಪಂಪುಗಳನ್ನು ಇಂದೇ ನಿಲ್ಲಿಸಿದರೂ ಅವು ಈಗಾಗಲೇ ಎತ್ತಿದ ನೀರಿನ ಕೊರತೆ ಮುಂದಿನ ಹಲವು ವರ್ಷಗಳ ಬೇಸಿಗೆಯ ಹರಿವಿನಲ್ಲಿ ಕಾಣಿಸಿಕೊಳ್ಳಲಿದೆ.